ಗಾಡಿಯೊಳಗಿನ ಗ್ಯಾಸಿಗೂ ಒಂದು ಬಚ್ಚಲು ಬೇಕು

ನಮ್ಮ ಭಾವ ಒಂದು ಹಳೆಯ ಟ್ರಾವೆಲರ್ ಗಾಡಿ ತಂದು, ಹಿಂದಿನ ಸೀಟು ಕಿತ್ತು ಮಂಚ ಹಾಕಿಸಿ, ಪಕ್ಕದಲ್ಲಿ ಪುಟ್ಟ ಅಡುಗೆ ಕಟ್ಟೆ ಮಾಡಿಸಿದರು. ಕಟ್ಟೆಯ ಕೆಳಗೆ ಹೊಸ 5 ಕೆ.ಜಿ. ಸಿಲಿಂಡರ್. ಮೊದಲ ಸವಾರಿ ಆಷಾಢದ ಮಳೆಯಲ್ಲೇ, ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೆ. ದಾರಿಯಲ್ಲಿ ಕಳಲೆ, ಅಂದರೆ ಎಳೆ ಬಿದಿರು, ಕಂಡಿತು ಅಂತ ಅಕ್ಕ ತಗೊಂಡು, ಹೆಚ್ಚಿ, ಬಕೆಟ್ಟಿನಲ್ಲಿ ನೀರಿಗೆ ಹಾಕಿಟ್ಟಳು. ಕಳಲೆ ನೆನೆಸಿದ ನೀರಿನ ವಾಸನೆ ಗೊತ್ತಿದ್ದವರಿಗೆ ಗೊತ್ತು. ಎರಡನೇ ದಿನಕ್ಕೆ ಮೂಗು ಮುಚ್ಚಿಕೊಳ್ಳಬೇಕು.

ಎರಡನೇ ರಾತ್ರಿ ಪರಿಚಯದವರ ತೋಟದ ಅಂಗಳದಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದೆವು. "ಏನೋ ವಾಸನೆ ಭಾವ" ಅಂದೆ. "ಕಳಲೆ ನೀರು ಮಾರಾಯ, ಬೆಳಿಗ್ಗೆ ಚೆಲ್ಲಿದರಾಯ್ತು" ಅಂದರು. ಬೆಳಿಗ್ಗೆ ಅಕ್ಕ ನೀರು ಚೆಲ್ಲಿದಳು. ವಾಸನೆ ಹೋಗಲಿಲ್ಲ. ಕಾಫಿಗೆ ಒಲೆ ಹಚ್ಚುವ ಮೊದಲು ಒಂದು ಸಲ ಕಸ ಗುಡಿಸಿಬಿಡೋಣ ಅಂತ ಪೊರಕೆ ಹಿಡಿದು ಬಗ್ಗಿದವಳು ತಟ್ಟನೆ ಎದ್ದಳು. "ಕೆಳಗೆ ಜಾಸ್ತಿ ಇದೆ ಕಣೋ" ಅಂದಳು.

ಕೆಳಗೆ ಜಾಸ್ತಿ ಇತ್ತು, ಯಾಕೆಂದರೆ ಅದು ಗ್ಯಾಸು. ಸಿಲಿಂಡರಿನ ಬಾಯೊಳಗಿನ ವಾಷರ್ ಸೀಳಿತ್ತು. ರಾತ್ರಿಯಿಡೀ ಸಣ್ಣಗೆ ಸೋರಿದೆ. ಹಿಂದಿನ ಬಾಗಿಲಿನ ಚಿಲಕ ಸರಿ ಕೂರುತ್ತಿರಲಿಲ್ಲ, ಕೆಳಗೆ ಬೆರಳು ತೂರುವಷ್ಟು ಸಂದಿ ಇತ್ತು. ಅದನ್ನು ರಿಪೇರಿ ಮಾಡಿಸಿಲ್ಲ ಅಂತ ಅಕ್ಕ ದಾರಿಯುದ್ದಕ್ಕೂ ಭಾವನಿಗೆ ಬೈದಿದ್ದಳು. ನಮ್ಮನ್ನು ಉಳಿಸಿದ್ದು ಆ ಸಂದಿಯೇ.

ಊರಿಗೆ ವಾಪಸ್ ಬಂದ ಮೇಲೆ ನಾನು ಈ ವಿಷಯದ ಹಿಂದೆ ಬಿದ್ದೆ. ಈಗ ಜೋಗ, ಆಗುಂಬೆ, ಕೊಡಚಾದ್ರಿ ಅಂತ ಗಾಡಿಯಲ್ಲೇ ಮನೆ ಕಟ್ಟಿಕೊಂಡು ತಿರುಗುವವರು ಜಾಸ್ತಿ ಆಗಿದ್ದಾರೆ. ಮಂಚ, ಪರದೆ, ದೀಪಕ್ಕೆ ಹಾಕುವ ತಲೆಯಲ್ಲಿ ಕಾಲು ಭಾಗವನ್ನೂ ಸಿಲಿಂಡರಿಗೆ ಹಾಕಿರುವುದಿಲ್ಲ. ನಾವೂ ಹಾಕಿರಲಿಲ್ಲ.

ಮೊದಲು ಸಿಲಿಂಡರಿನೊಳಗೆ ಏನಿದೆ ಅಂತ ನೋಡೋಣ. ಅಮೆರಿಕದವರು ಕ್ಯಾಂಪರ್ ಗಾಡಿಯಲ್ಲಿ ಬಳಸುವುದು ಹೆಚ್ಚುಕಡಿಮೆ ಬರೀ ಪ್ರೊಪೇನ್. ನಮ್ಮಲ್ಲಿ ಸಿಗುವುದು ಎಲ್‌ಪಿಜಿ, ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್ ಎರಡರ ಬೆರಕೆ. ಒತ್ತಡದಲ್ಲಿ ಇಟ್ಟಿರುವುದರಿಂದ ಒಳಗೆ ಅದು ನೀರಿನ ಹಾಗೆ ದ್ರವ. ಅದರ ಮೇಲೆ ಸ್ವಲ್ಪ ಜಾಗದಲ್ಲಿ ಆವಿ. ನಾವು ಉರಿಸುವುದು ಮೇಲಿನ ಆವಿಯನ್ನು. ಆವಿ ಖರ್ಚಾದ ಹಾಗೆ ಕೆಳಗಿನ ದ್ರವ ಕುದಿದು ಮತ್ತೆ ಆವಿ ಆಗುತ್ತದೆ. ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿ ಅನ್ನುವುದು ಇದಕ್ಕೇ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಒಂದು ಲೀಟರ್ ದ್ರವ ಹೊರಗೆ ಬಂದರೆ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ, ಒಲೆ ಅದನ್ನು ತಡೆಯುವುದಿಲ್ಲ.

ಇನ್ನೊಂದು ಗುಣವೇ ಈ ಇಡೀ ಕಥೆಯ ಬೇರು. ಈ ಗ್ಯಾಸ್ ಗಾಳಿಗಿಂತ ಭಾರ, ಸುಮಾರು ಒಂದೂವರೆಯಿಂದ ಎರಡು ಪಟ್ಟು. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ. ನೀರಿನ ಹಾಗೆ ಕೆಳಗೆ ಇಳಿದು, ತಗ್ಗು ಹುಡುಕಿಕೊಂಡು ಹರಿದು, ಮೂಲೆಯಲ್ಲಿ ನಿಲ್ಲುತ್ತದೆ. ಅದಕ್ಕೆ ಸ್ವಂತ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ಈಥೈಲ್ ಮರ್‌ಕ್ಯಾಪ್ಟನ್ ಅನ್ನುವ ಗಬ್ಬು ವಸ್ತುವನ್ನು ಚೂರೇ ಚೂರು ಬೆರೆಸುತ್ತಾರೆ. ಕೊಳೆತ ಈರುಳ್ಳಿಯ ಹಾಗೆ ಅನ್ನುತ್ತಾರೆ. ನನ್ನ ಮೂಗಿಗೆ ಅದು ಎರಡು ದಿನದ ಕಳಲೆ ನೀರು.

ಒಂದು ಲೆಕ್ಕ ಹಾಕಿ ನೋಡಿ. ಗಾಳಿಯಲ್ಲಿ ಗ್ಯಾಸು ಸುಮಾರು 2ರಿಂದ 9 ಪರ್ಸೆಂಟ್ ಸೇರಿದ್ದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಗಾಡಿಯ ಒಳಗಿನ ಜಾಗ 10,000 ಲೀಟರ್ ಅಂದುಕೊಳ್ಳಿ. ಗ್ಯಾಸು ಅಷ್ಟಕ್ಕೂ ಹರಡುವುದಿಲ್ಲ, ಕೆಳಗಿನ ಕಾಲು ಭಾಗದಲ್ಲಿ ಕೂತಿದೆ ಅಂದರೆ 2,500 ಲೀಟರ್. ಅದರ 2 ಪರ್ಸೆಂಟ್ ಅಂದರೆ 50 ಲೀಟರ್ ಗ್ಯಾಸು. ದ್ರವದ ಲೆಕ್ಕದಲ್ಲಿ ಅದು 200 ಮಿಲಿ. ಒಂದು ಲೋಟ. ನಾವು ಬೆಳಿಗ್ಗೆ ಕುಡಿಯಬೇಕಾಗಿದ್ದ ಕಾಫಿಯಷ್ಟು. ಮನೆಯ ಅಡುಗೆಮನೆಗೂ ಗಾಡಿಗೂ ವ್ಯತ್ಯಾಸ ಇಲ್ಲೇ ಇರುವುದು. ಮನೆಯಲ್ಲಿ ಬಾಗಿಲ ಕೆಳಗೆ, ಬಚ್ಚಲಿಗೆ, ಹಿತ್ತಲಿಗೆ ಹೋಗಲು ದಾರಿ ಇರುತ್ತದೆ. ಗಾಡಿ ಅಂದರೆ ತಗಡಿನ ತೊಟ್ಟಿ.

ಹೊಸ ಟ್ಯಾಂಕ್ ಬಗ್ಗೆ ಹುಡುಕಿದರೆ ಅಮೆರಿಕದ ವಿಡಿಯೋಗಳು ಸಾಲುಸಾಲು ಬರುತ್ತವೆ. ಅದರಲ್ಲಿ ಎಲ್ಲರೂ ಹೇಳುವುದು, ಹೊಸ ಟ್ಯಾಂಕಿಗೆ ಗ್ಯಾಸ್ ತುಂಬಿಸುವ ಮೊದಲು ಒಳಗಿನ ಗಾಳಿ ತೆಗೆಸಿ ಅಂತ. ಭಾವ ಇದನ್ನು ನೋಡಿ "ನಾವು ಗಾಳಿ ತೆಗೆಯಲೇ ಇಲ್ಲವಲ್ಲ, ಅದಕ್ಕೇ ಹೀಗಾಯ್ತೇನೋ" ಅಂದರು. ಅಲ್ಲ. ಆದರೆ ಅವರು ಯಾಕೆ ಹಾಗೆ ಮಾಡುತ್ತಾರೆ ಅಂತ ತಿಳಿದುಕೊಂಡರೆ ಒಳ್ಳೆಯದೇ.

ಅಲ್ಲಿ ಟ್ಯಾಂಕ್ ನಿಮ್ಮ ಸ್ವಂತದ್ದು. ಅಂಗಡಿಯಿಂದ ಖಾಲಿ ತರುತ್ತೀರಿ, ಗ್ಯಾಸ್ ತುಂಬುವ ಕಡೆ ಒಯ್ದು ತುಂಬಿಸುತ್ತೀರಿ. ಖಾಲಿ ಅಂದರೆ ಅದರೊಳಗೆ ನಮ್ಮ ನಿಮ್ಮ ಗಾಳಿ ಇದೆ, ಗಾಳಿಯ ಜೊತೆ ತೇವವೂ ಇದೆ. ಗಾಳಿ ಗ್ಯಾಸಿನ ಹಾಗೆ ಆ ಒತ್ತಡಕ್ಕೆ ದ್ರವ ಆಗುವುದಿಲ್ಲ. ಮೇಲಿನ ಜಾಗದಲ್ಲಿ ಸುಮ್ನೆ ಕೂತು ಒತ್ತಡ ಏರಿಸುತ್ತದೆ, ಒಲೆ ಹಚ್ಚಿದರೆ ಪುಸ್ ಅಂತ ಆರಿಸುತ್ತದೆ. ತೇವ ಇನ್ನೂ ತರಲೆ. ಗ್ಯಾಸು ರೆಗ್ಯುಲೇಟರಿನ ಸಣ್ಣ ತೂತಿನಿಂದ ಹಾಯುವಾಗ ತಣ್ಣಗಾಗುತ್ತದಲ್ಲ, ಅಲ್ಲಿ ಈ ತೇವ ಮಂಜುಗಡ್ಡೆಯಾಗಿ ದಾರಿ ಕಟ್ಟಿಬಿಡಬಹುದು.

ತೆಗೆಯುವ ವಿಧಾನ ನಮ್ಮ ಮಜ್ಜಿಗೆ ಚೊಂಬು ತೊಳೆದ ಹಾಗೆ. ಒಂದೇ ಸಲ ತುಂಬ ನೀರು ಹಾಕಿದರೆ ಚೊಂಬು ಶುದ್ಧ ಆಗುವುದಿಲ್ಲ, ಸ್ವಲ್ಪ ಹಾಕಿ ಅಲುಗಾಡಿಸಿ ಚೆಲ್ಲಿ, ಮತ್ತೆ ಸ್ವಲ್ಪ ಹಾಕಿ ಚೆಲ್ಲುತ್ತೇವೆ ಅಲ್ವಾ? ಹಾಗೆಯೇ ಟ್ಯಾಂಕಿಗೆ ಸ್ವಲ್ಪ ಪ್ರೊಪೇನ್ ಆವಿ ಬಿಟ್ಟು ಒಳಗಿನ ಒತ್ತಡವನ್ನು ಎರಡು ಪಟ್ಟು ಮಾಡುತ್ತಾರೆ. ಆಗ ಒಳಗೆ ಅರ್ಧ ಗಾಳಿ, ಅರ್ಧ ಗ್ಯಾಸು. ಹೊರಗೆ ಬಿಡುತ್ತಾರೆ. ಉಳಿದ ಗಾಳಿ ಅರ್ಧ. ಇನ್ನೊಮ್ಮೆ ಮಾಡಿದರೆ ಕಾಲು. ಐದು ಸಲ ಮಾಡಿದರೆ 32ರಲ್ಲಿ ಒಂದು ಪಾಲು, ಅಂದರೆ 3 ಪರ್ಸೆಂಟ್. ದ್ರವ ಬಿಟ್ಟರೆ ಒಳಗೆ ಚಳಿಗೆ ತೇವ ಹೆಪ್ಪುಗಟ್ಟಿ ಅಲ್ಲೇ ಉಳಿಯುತ್ತದೆ, ಅದಕ್ಕೇ ಆವಿಯನ್ನೇ ಬಿಡಬೇಕು.

ನಮ್ಮಲ್ಲಿ ಮನೆಯ ಸಿಲಿಂಡರ್ ನಮ್ಮದಲ್ಲ, ಕಂಪನಿಯದು. ನಾವು ಡೆಪಾಸಿಟ್ ಕೊಟ್ಟು ಇಟ್ಟುಕೊಂಡಿರುತ್ತೇವೆ ಅಷ್ಟೆ. ಗಾಳಿ ತೆಗೆಯುವುದು, ತುಂಬುವುದು, ಸೀಲ್ ಹಾಕುವುದು ಎಲ್ಲ ಗ್ಯಾಸ್ ತುಂಬುವ ಕಾರ್ಖಾನೆಯಲ್ಲೇ ಆಗುತ್ತದೆ. ಆದ್ದರಿಂದ ಮನೆಗೆ ತಂದು "ಸ್ವಲ್ಪ ಬಿಟ್ಟು ನೋಡೋಣ" ಅಂತ ವಾಲ್ವಿನ ಪಿನ್ನು ಒತ್ತುವ ಕೆಲಸ ಬೇಡವೇ ಬೇಡ. ಅಲ್ಲಿನ ವಿಡಿಯೋ ಅಲ್ಲಿಗೆ.

ಹಾಗಾದರೆ ಗಾಡಿಗೆ ಯಾವ ಸಿಲಿಂಡರ್? ಮನೆಯ 14.2 ಕೆ.ಜಿ.ಯ ಕೆಂಪು ಸಿಲಿಂಡರನ್ನು ಎತ್ತಿ ಗಾಡಿಗೆ ಹಾಕುವವರು ಇದ್ದಾರೆ. ಅದು ಮನೆ ಅಡುಗೆಗೆ ಅಂತ ಕೊಟ್ಟ ಕನೆಕ್ಷನ್. ಅದೂ ಅಲ್ಲದೆ ತುಂಬಿದಾಗ 30 ಕೆ.ಜಿ. ತೂಗುವ ಕಬ್ಬಿಣ, ಘಾಟಿಯಲ್ಲಿ ಕಟ್ಟು ಬಿಚ್ಚಿಕೊಂಡು ಉರುಳಿದರೆ ಯಾರ ಕಾಲೂ ಉಳಿಯುವುದಿಲ್ಲ. ಇಬ್ಬರು ಮೂವರ ತಿರುಗಾಟಕ್ಕೆ 5 ಕೆ.ಜಿ.ಯದೇ ಸರಿ. ಇಂಡಿಯನ್ ಆಯಿಲ್‌ನವರು ಇದನ್ನು ಛೋಟು ಅನ್ನುತ್ತಾರೆ, ಎಚ್‌ಪಿಯವರು ಅಪ್ಪು ಅನ್ನುತ್ತಾರೆ. ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಒಂದಿದ್ದರೆ ಏಜೆನ್ಸಿಯಲ್ಲೂ ಕೆಲವು ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ.

ಸಂತೆಯಲ್ಲಿ, ಪಾತ್ರೆ ಅಂಗಡಿಯಲ್ಲಿ ಸಿಗುವ, ತಲೆಯ ಮೇಲೆಯೇ ಬರ್ನರ್ ಇರುವ ಎರಡು ಮೂರು ಕೆ.ಜಿ.ಯ ಪುಟಾಣಿ ಸಿಲಿಂಡರ್ ಇದೆಯಲ್ಲ, ಅದನ್ನು ಮುಟ್ಟಬೇಡಿ. ಅದಕ್ಕೆ ಗ್ಯಾಸ್ ತುಂಬುವುದು ದೊಡ್ಡ ಸಿಲಿಂಡರನ್ನು ತಲೆಕೆಳಗೆ ಮಾಡಿ, ಅಂದಾಜಿನ ಮೇಲೆ. ಹಾಗೆ ತುಂಬುವುದು ಕಾನೂನಿಗೂ ವಿರುದ್ಧ. ಅಂದಾಜು ಯಾಕೆ ಅಪಾಯ ಅಂದರೆ, ಎಲ್‌ಪಿಜಿ ದ್ರವ ಬಿಸಿಗೆ ತುಂಬಾ ಉಬ್ಬುತ್ತದೆ. ಬೆಳಗಿನ ತಂಪಿನಿಂದ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಬಿಸಿಗೆ ಹೋಗುವಷ್ಟರಲ್ಲಿ ಹತ್ತನೇ ಒಂದು ಪಾಲಿನಷ್ಟು ಹಿಗ್ಗಬಹುದು. ಅದಕ್ಕೇ ಕಾರ್ಖಾನೆಯಲ್ಲಿ ಕಂಠಮಟ್ಟ ತುಂಬುವುದಿಲ್ಲ. ಮನೆಯ ಸಿಲಿಂಡರಿನೊಳಗೆ 33.3 ಲೀಟರ್ ನೀರು ಹಿಡಿಯುವಷ್ಟು ಜಾಗ ಇದೆ. ಅದಕ್ಕೆ ಹಾಕುವ 14.2 ಕೆ.ಜಿ. ಗ್ಯಾಸು 26 ಲೀಟರ್ ಚಿಲ್ಲರೆ. ಉಳಿದ ಐದನೇ ಒಂದು ಪಾಲು ಉಬ್ಬುವುದಕ್ಕೆ ಬಿಟ್ಟ ಜಾಗ. ಅಂದಾಜಿನಲ್ಲಿ ತುಂಬುವವನು ಆ ಜಾಗವನ್ನೇ ತಿಂದುಹಾಕುತ್ತಾನೆ.

ಸಿಲಿಂಡರ್ ತರುವಾಗ ಅಲ್ಲೇ ನಿಂತು ನೋಡಬೇಕಾದದ್ದು ಕೆಲವಿದೆ. ಸೀಲ್ ನೋಡುತ್ತೇವೆ, ಎಲ್ಲರೂ ನೋಡುತ್ತಾರೆ. ಹಿಡಿಯ ಕೆಳಗಿನ ಪಟ್ಟಿಯ ಒಳಮೈ ಮೇಲೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಸಿ ಅಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಪಕ್ಕದ ಅಂಕಿ ವರ್ಷ. 'ಬಿ 28' ಅಂತ ಇದ್ದರೆ 2028ರ ಜೂನ್ ಒಳಗೆ ಆ ಸಿಲಿಂಡರನ್ನು ಮತ್ತೆ ಒತ್ತಡ ಪರೀಕ್ಷೆಗೆ ಹಾಕಬೇಕು ಅಂತ ಅರ್ಥ. ಆ ಗಡುವು ದಾಟಿದ್ದನ್ನು ಕೊಟ್ಟರೆ ಬೇರೆ ಕೇಳಿ. ಮುಲಾಜು ಬೇಡ.

ಖಾಲಿ ತೂಕವೂ ಅಲ್ಲೇ ಬರೆದಿರುತ್ತದೆ. ಉದಾಹರಣೆಗೆ 7 ಕೆ.ಜಿ. ಅಂತ ಇದ್ದರೆ ತುಂಬಿದ್ದು 12 ತೂಗಬೇಕು. ನಮ್ಮ ಕಡೆ ಅಡಿಕೆ ತೂಗುವ ತಕ್ಕಡಿ ಯಾರ ಮನೆಯಲ್ಲಿ ಇಲ್ಲ? ಮೇಲೆ ಇಟ್ಟು ನೋಡಿ. ಕಮ್ಮಿ ಇದ್ದರೆ ದುಡ್ಡಿನ ವಿಷಯ. ಜಾಸ್ತಿ ಇದ್ದರೆ ಪ್ರಾಣದ ವಿಷಯ. ಅದನ್ನೂ ವಾಪಸ್ ಕೊಡಬೇಕು.

ಆಮೇಲೆ ತಲೆಕೆಳಗು ಮಾಡದೆ, ಸ್ವಲ್ಪ ವಾಲಿಸಿ, ಕೆಳಗಿನ ಬಳೆ ನೋಡಿ. ಮಲೆನಾಡಿನ ತೇವಕ್ಕೆ ಮೊದಲು ತುಕ್ಕು ಹಿಡಿಯುವುದು ಅಲ್ಲಿ. ಬಣ್ಣ ಕೆಂಪಾಗಿದ್ದರೆ ಪರವಾಗಿಲ್ಲ, ಉಗುರಲ್ಲಿ ಕೆರೆದರೆ ಹೊಪ್ಪಳೆ ಏಳುತ್ತದೆ ಅಂದರೆ ಬೇಡ.

ಇನ್ನು ವಾಷರ್. ನಮಗೆ ಪೆಟ್ಟು ಕೊಟ್ಟದ್ದು ಇದೇ. ಸೀಲ್ ತೆಗೆದು ಮುಚ್ಚಳ ಬಿಚ್ಚಿದರೆ ವಾಲ್ವಿನ ಬಾಯಿ ಕಾಣುತ್ತದೆ, ಮಧ್ಯೆ ಒಂದು ಪಿನ್ನು. ಅದರ ಸುತ್ತ ಒಳಗೋಡೆಯ ಗೆರೆಯಲ್ಲಿ ಕಿರುಬೆರಳಿನ ಉಂಗುರಕ್ಕಿಂತ ಚಿಕ್ಕದಾದ ಕಪ್ಪು ರಬ್ಬರ್ ಬಳೆ ಕೂತಿರುತ್ತದೆ. ರೆಗ್ಯುಲೇಟರ್ ಒಳಗೆ ಹೋದಾಗ ಗ್ಯಾಸು ಪಕ್ಕದಿಂದ ನುಸುಳದಂತೆ ತಡೆಯುವುದು ಅದೊಂದೇ. ಟಾರ್ಚ್ ಹಾಕಿ ನೋಡಬೇಕು, ಮೊಬೈಲಿನ ಬೆಳಕು ಬೇಡ, ಹೊರಗೆ ಹಗಲಲ್ಲೇ ನೋಡಿದರೆ ಇನ್ನೂ ಒಳ್ಳೆಯದು. ಬಳೆ ಇದೆಯಾ, ಸೀಳಿದೆಯಾ, ಒಣಗಿ ಗಟ್ಟಿಯಾಗಿದೆಯಾ. ನಮ್ಮದು ಒಂದು ಕಡೆ ಕೂದಲೆಳೆಯಷ್ಟು ಸೀಳಿತ್ತು. ಭಾವ ಅದನ್ನು ತೆಗೆದು ಅಂಗೈ ಮೇಲೆ ಇಟ್ಟುಕೊಂಡು ತುಂಬ ಹೊತ್ತು ನೋಡಿದರು, ಮಾತಾಡಲಿಲ್ಲ. ಒಂದೆರಡು ರೂಪಾಯಿಯ ಮಾಲು.

ಹೊಸ ಸಿಲಿಂಡರ್ ತಂದುಕೊಡುವ ಹುಡುಗರು ಬಾಯಿಗೆ ಎರಡು ಹನಿ ನೀರು ಬಿಟ್ಟು ಗುಳ್ಳೆ ಏಳುತ್ತದಾ ಅಂತ ನೋಡುತ್ತಾರೆ. ಅದು ಪಿನ್ನಿನಲ್ಲಿ ಸೋರಿಕೆ ಇದೆಯಾ ಅಂತ ಮಾತ್ರ ಹೇಳುತ್ತದೆ. ವಾಷರ್ ಸರಿ ಇದೆಯಾ ಅಂತ ಗೊತ್ತಾಗಬೇಕಾದರೆ ರೆಗ್ಯುಲೇಟರ್ ಕೂರಿಸಿ, ಆನ್ ಮಾಡಿ, ಸುತ್ತ ಸೋಪಿನ ನೊರೆ ಹಚ್ಚಬೇಕು. ಗುಳ್ಳೆ ಉಬ್ಬಿದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡುವ ಹಳೆ ಕಾಲದ ಗಂಡಸರು ಇನ್ನೂ ಇದ್ದಾರೆ, ಅವರನ್ನು ಗಾಡಿಯ ಹತ್ತಿರ ಸೇರಿಸಬೇಡಿ.

ಈಗ ಬಚ್ಚಲಿನ ವಿಷಯ. ಸಿಲಿಂಡರ್ ಇರುವ ಗೂಡು ಗಾಡಿಯ ಒಳಗೇ ಇದ್ದರೂ, ಗ್ಯಾಸಿನ ಲೆಕ್ಕದಲ್ಲಿ ಅದು ಹೊರಗಿರಬೇಕು. ಅಂದರೆ ಗೂಡಿನಿಂದ ಮಲಗುವ ಜಾಗಕ್ಕೆ ಒಂದು ಸಂದಿಯೂ ಇರಬಾರದು, ಗೂಡಿನ ತಳದಿಂದ ರಸ್ತೆಗೆ ತೂತು ಇರಬೇಕು. ಬಾಗಿಲು ಹೊರಗಿನಿಂದ ತೆರೆಯುವಂತಿದ್ದರೆ ಬಹಳ ಒಳ್ಳೆಯದು. ನಾವು ಕಟ್ಟೆಯ ಕೆಳಗಿದ್ದ ಸಿಲಿಂಡರನ್ನು ತೆಗೆದು ಹಿಂದಿನ ಬಾಗಿಲ ಮೂಲೆಗೆ ತಂದೆವು. ಬಡಗಿ ಪ್ಲೈವುಡ್ಡಿನ ಗೂಡು ಮಾಡಿಕೊಟ್ಟ. ಮೂಲೆಗಳಿಗೆಲ್ಲ ಸಿಲಿಕೋನ್ ಬಳಿದು, ಬಾಗಿಲ ಅಂಚಿಗೆ ರಬ್ಬರ್ ಬೀಡಿಂಗ್ ಅಂಟಿಸಿದ. ತಳದಲ್ಲಿ, ಅತ್ಯಂತ ತಗ್ಗಿನ ಕಡೆ, ಗಾಡಿಯ ತಗಡಿಗೆ ತೂತು ಹೊಡೆಸಿದೆವು.

ಎಷ್ಟು ದೊಡ್ಡ ತೂತು ಅಂತ ಎಲ್ಲರೂ ಕೇಳುತ್ತಾರೆ. ಯುರೋಪಿನ ಕ್ಯಾರವಾನ್‌ಗಳ ಅಳತೆ, ಕೆಳಗೆ ಮಾತ್ರ ತೂತು ಇದ್ದರೆ ಗೂಡಿನ ನೆಲದ 2 ಪರ್ಸೆಂಟ್, ಆದರೆ 100 ಚದರ ಸೆಂಟಿಮೀಟರಿಗಿಂತ ಕಮ್ಮಿ ಇರಬಾರದು. ಅಂದರೆ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಅಂಗೈ ಅಗಲ ಅಂತ ಇಟ್ಟುಕೊಳ್ಳಿ. ಬೆರಳು ಹೋಗುವ ಒಂದು ತೂತು ಸಾಲದು. ತೂತಿನ ಕೆಳಗೆ ಸೈಲೆನ್ಸರ್ ಇರಬಾರದು, ಬ್ಯಾಟರಿಯೂ ಇರಬಾರದು. ಆ ಗೂಡಿನಲ್ಲಿ ಸ್ವಿಚ್ಚು, ಇನ್ವರ್ಟರ್, ಫೋನ್ ಚಾರ್ಜರ್ ಏನೂ ಬೇಡ. ಖಾಲಿ ಜಾಗ ಇದೆಯಲ್ಲಾ ಅಂತ ಅಕ್ಕ ಅಲ್ಲಿ ಚಪ್ಪಲಿ ತುಂಬಿಸಲು ಶುರು ಮಾಡಿದ್ದಳು. ಚಪ್ಪಲಿ ತೂತಿನ ಮೇಲೆ ಕೂತರೆ ಬಚ್ಚಲು ಕಟ್ಟಿದ ಹಾಗೆಯೇ.

ತೂತಿಗೆ ಜಾಲರಿ ಹಾಕಲೇಬೇಕು, ಇಲ್ಲದಿದ್ದರೆ ಇಲಿ ಬಂದು ಪೈಪು ಕಡಿಯುತ್ತದೆ. ಜಾಲರಿಯ ಕಣ್ಣು ತೀರಾ ಸಣ್ಣದೂ ಆಗಬಾರದು, ಕೆಸರು ಹಾರಿ ಮೆತ್ತಿಕೊಳ್ಳುತ್ತದೆ.

ಸಿಲಿಂಡರನ್ನು ಗೂಡಿನಲ್ಲಿ ಕಟ್ಟುವುದು ಲಾರಿಯವರು ಬಳಸುವ ಬಿಗಿಪಟ್ಟಿಯಲ್ಲಿ, ಎರಡು ಕಡೆ, ಒಂದು ಹೊಟ್ಟೆಗೆ ಒಂದು ಹೆಗಲಿಗೆ. ಕೊಂಡಿಯ ಬೋಲ್ಟು ಪ್ಲೈವುಡ್ಡಿಗೆ ಅಲ್ಲ, ಗಾಡಿಯ ಕಬ್ಬಿಣಕ್ಕೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿ ನೋಡಿದರೆ, ನೀವು ಸರಿಯಾಗಿ ಕಟ್ಟಿದ್ದೀರೋ ಇಲ್ಲವೋ ಗೊತ್ತಾಗುತ್ತದೆ.

ಪೈಪು ಕಿತ್ತಳೆ ಬಣ್ಣದ, ಒಳಗೆ ತಂತಿಯ ಹೆಣಿಗೆ ಇರುವ ಸುರಕ್ಷಾ ಪೈಪೇ ಇರಲಿ. ಐಎಸ್‌ಐ ಗುರುತು ನೋಡಿ, ಐದು ವರ್ಷಕ್ಕೆ ಬದಲಿಸಿ. ಒಂದೂವರೆ ಮೀಟರ್ ಒಳಗೆ ಒಲೆ ಸಿಗುವಂತೆ ಜಾಗ ಮಾಡಿಕೊಂಡರೆ ಜಗಳವೇ ಇಲ್ಲ. ಎರಡು ತುಂಡು ಜೋಡಿಸುವುದು, ಪ್ಲೈವುಡ್ಡಿನ ಹಿಂದೆ ಕಣ್ಣಿಗೆ ಕಾಣದಂತೆ ಎಳೆಯುವುದು ಬೇಡ. ತಗಡು ದಾಟುವ ಕಡೆ ರಬ್ಬರ್ ಬುಷ್ ಹಾಕಿ, ಪೈಪಿನ ಸುತ್ತ ಸಂದಿ ಉಳಿಯದಂತೆ ಮುಚ್ಚಿ. ಇಲ್ಲದಿದ್ದರೆ ಗಾಡಿ ಅಲುಗಿ ಅಲುಗಿ ತಗಡಿನ ಅಂಚು ಪೈಪನ್ನು ಕೊಯ್ಯುತ್ತದೆ.

ಎಲ್ಲ ಕೂರಿಸಿದ ಮೇಲೆ ನಮ್ಮ ಗ್ಯಾಸ್ ಒಲೆ ರಿಪೇರಿಯವರು ಒಂದು ಪರೀಕ್ಷೆ ಮಾಡಿ ತೋರಿಸಿದರು. ನನಗೆ ಬಹಳ ಇಷ್ಟವಾಯಿತು. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಇಟ್ಟುಕೊಳ್ಳುತ್ತಾರಲ್ಲ, ಅದೇ. ಒಂದು ಮೀಟರ್ ತುಂಡನ್ನು ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿದರು. ಎರಡು ಕಡೆ ನೀರು ಸಮ. ಒಂದು ತುದಿಯನ್ನು ಒಲೆಯ ಕಡೆಯ ಗ್ಯಾಸ್ ಪೈಪಿಗೆ ಸೇರಿಸಿ, ಅಂಗಳದಲ್ಲಿ ನಿಂತು ರೆಗ್ಯುಲೇಟರ್ ಆನ್ ಮಾಡಿದರು. ಒಂದು ಕಡೆ ನೀರು ಇಳಿದು ಇನ್ನೊಂದು ಕಡೆ ಏರಿತು. ಅಡಿಕೋಲು ಹಿಡಿದು ನೋಡಿದರೆ ವ್ಯತ್ಯಾಸ 30 ಸೆಂಟಿಮೀಟರ್ ಚಿಲ್ಲರೆ. "ಒಳಗೆ ಗಾಳಿಯ ಐದಾರು ಪಟ್ಟು ಒತ್ತಡ ಇರುತ್ತೆ ಸಾರ್, ರೆಗ್ಯುಲೇಟರು ಅದನ್ನ ಇಷ್ಟಕ್ಕೆ ಇಳಿಸುತ್ತೆ. ಇದು ಕೆಟ್ಟಿದ್ರೆ ನೀರು ನಿಮ್ಮ ಮುಖಕ್ಕೆ ಹಾರ್ತಿತ್ತು" ಅಂದರು. ಒಂದು ಅಡಿ ನೀರಿನ ಭಾರ. ಒಲೆ ಉರಿಸಲು ಬೇಕಾದದ್ದು ಅಷ್ಟೇ.

ಆಮೇಲೆ ರೆಗ್ಯುಲೇಟರ್ ಬಂದ್ ಮಾಡಿ, ನೀರು ನಿಂತ ಕಡೆ ಪೆನ್ನಿನಲ್ಲಿ ಗೆರೆ ಎಳೆದು, ಬೀಡಿ ಸೇದಲು ತೋಟದ ಆಚೆ ಹೋದರು. ಹತ್ತು ನಿಮಿಷ ಬಿಟ್ಟು ಬಂದು ನೋಡಿದಾಗ ನೀರು ಗೆರೆಯಲ್ಲೇ ಇತ್ತು. ಪೈಪಿನಲ್ಲಿ ಎಲ್ಲಿ ಸೋರಿದ್ದರೂ ಅದು ಇಳಿಯಬೇಕಿತ್ತು. ಇದನ್ನು ನೆರಳಲ್ಲೇ ಮಾಡಬೇಕಂತೆ, ಬಿಸಿಲಿಗೆ ಪೈಪೊಳಗಿನ ಗ್ಯಾಸು ಹಿಗ್ಗಿ ಸುಳ್ಳು ಲೆಕ್ಕ ಕೊಡುತ್ತದೆ. ನೀವೇ ಮಾಡಲು ಹೋಗಬೇಡಿ, ಕೆಲಸ ಗೊತ್ತಿದ್ದವರ ಕೈಯಲ್ಲಿ ಮಾಡಿಸಿ ಪಕ್ಕದಲ್ಲಿ ನಿಂತು ನೋಡಿ. ನಮ್ಮ ಪಾಲಿನ ಕೆಲಸ ಸೋಪಿನ ನೊರೆ, ಪ್ರತಿ ಘಾಟಿ ಇಳಿದ ಮೇಲೆ, ಪ್ರತಿ ಸಿಲಿಂಡರ್ ಬದಲಿಸಿದಾಗ.

ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್ ಇರಬೇಕು. ಇದರಲ್ಲಿ ಚರ್ಚೆ ಇಲ್ಲ. ಇನ್ನು ಕೆಲವರ ಗಾಡಿಯ ಎಂಜಿನ್ನೇ ಗ್ಯಾಸಿನಲ್ಲಿ ಓಡುತ್ತದೆ, ಆ ಟ್ಯಾಂಕಿನಿಂದಲೇ ಒಲೆಗೂ ಒಂದು ಪೈಪು ಎಳೆದರೆ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಎಂಜಿನ್ನಿನ ಟ್ಯಾಂಕಿನಿಂದ ಹೊರಬರುವುದು ದ್ರವ, ಒಲೆಗೆ ಬೇಕಾದ್ದು ಆವಿ. ಎರಡೂ ಬೇರೆ ಸಂಸಾರ. ಹಾಗೆಯೇ ಗಾಡಿಯ ಮೈಯಲ್ಲಿ ಏನೇ ಬದಲಾಯಿಸಿದರೂ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿಕೊಳ್ಳಿ.

ನಿಲ್ಲಿಸುವಾಗ ಇಳಿಜಾರು ನೋಡಿ. ನಮ್ಮ ಕಡೆ ಸಮತಟ್ಟು ಜಾಗ ಎಲ್ಲಿದೆ? ಶರಾವತಿ ಹಿನ್ನೀರಿನ ದಡದಲ್ಲಿ ಗಾಡಿ ಮೇಲೆ, ಕ್ಯಾಂಪ್ ಫೈರ್ ಕೆಳಗೆ ನೀರಿನ ಹತ್ತಿರ ಅಂತ ಮಾಡುವವರೇ ಎಲ್ಲ. ಚಂದ ಕಾಣುತ್ತದೆ ನಿಜ. ಆದರೆ ತೂತಿನಿಂದ ಹೊರಗೆ ಬಿದ್ದ ಗ್ಯಾಸು ಇಳಿಜಾರು ಹಿಡಿದು ಹರಿಯುವುದು ಆ ಬೆಂಕಿಯ ಕಡೆಗೇ. ಬೆಂಕಿ ಹಾಕಲು ಅನುಮತಿ ಇರುವ ಜಾಗದಲ್ಲಿ ಮಾತ್ರ ಹಾಕಿ, ಹಾಕಿದರೆ ಗಾಡಿಗಿಂತ ಎತ್ತರದಲ್ಲಿ, ದೂರದಲ್ಲಿ ಹಾಕಿ. ಸಿಗಂದೂರಿಗೆ 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಆ ಕಡೆ ಇಂಥ ಗಾಡಿಗಳು ಬಹಳ ಕಾಣುತ್ತವೆ, ಮೊದಲು ಲಾಂಚಿನಲ್ಲಿ ಸಾಲು ಕಾಯಬೇಕಿತ್ತು.

ಇಷ್ಟು ಹೊತ್ತು ಉರಿಯದ ಗ್ಯಾಸಿನ ಕಥೆ. ಉರಿದ ಗ್ಯಾಸಿನದೂ ಒಂದಿದೆ. ಮಲೆನಾಡಿನ ಮಳೆಗಾಲದಲ್ಲಿ ಗಾಡಿಯ ಬಾಗಿಲು ತೆರೆದಿಡಲು ಯಾರಿಗೂ ಮನಸ್ಸಿಲ್ಲ, ಇರಚಲು ಹೊಡೆಯುತ್ತದೆ, ಉಂಬಳ ಹತ್ತುತ್ತದೆ. ಎಲ್ಲ ಮುಚ್ಚಿಕೊಂಡು ಒಲೆ ಹಚ್ಚಿದರೆ ಒಳಗಿನ ಆಮ್ಲಜನಕ ಕಮ್ಮಿ ಆಗಿ, ಗ್ಯಾಸು ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು ಬರುತ್ತದೆ, ನಿದ್ದೆ ಬಂದ ಹಾಗಾಗುತ್ತದೆ, ಆ ನಿದ್ದೆಯಿಂದ ಏಳುವುದಿಲ್ಲ. ಉರಿ ನೀಲಿ ಇದ್ದರೆ ಸರಿ, ಹಳದಿ ತಿರುಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಬರ್ನರ್ ತೊಳೆಯಬೇಕು. ಉರಿ ನೀಲಿ ಇದೆ ಅಂತ ಕಿಟಕಿ ಮುಚ್ಚುವ ಹಾಗೂ ಇಲ್ಲ. ಅಡುಗೆ ಮಾಡುವಾಗ ಕೆಳಗೊಂದು, ಮೇಲೊಂದು ಸಂದಿ ತೆರೆದೇ ಇರಬೇಕು. ಒಲೆಯನ್ನು ಚಳಿ ಕಾಯಿಸಲು ಬಳಸಬೇಡಿ. ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿಕೊಂಡು ಗಾಡಿಯೊಳಗೆ ಇಟ್ಟು ಮಲಗುವುದು ಅಜ್ಜಿಮನೆಯ ಹೆಂಚಿನ ಮಾಡಿನ ಕೆಳಗಿನ ನೆನಪು. ಹೆಂಚಿನ ಸಂದಿ ಅಲ್ಲಿ ಉಸಿರಾಡುತ್ತಿತ್ತು, ತಗಡು ಉಸಿರಾಡುವುದಿಲ್ಲ. ಗ್ಯಾಸ್ ಗೀಸರ್ ಅಂತೂ ಗಾಡಿಯೊಳಗೆ ಬೇಡವೇ ಬೇಡ.

ಎರಡು ಅಲಾರಂ ಹಾಕಿಸಿದ್ದೇವೆ. ಗ್ಯಾಸ್ ಸೋರಿಕೆಯದು ನೆಲದಿಂದ ಒಂದು ಗೇಣು ಮೇಲೆ, ಕಾರ್ಬನ್ ಮಾನಾಕ್ಸೈಡಿನದು ಮಲಗಿದಾಗ ತಲೆ ಇರುವ ಎತ್ತರದಲ್ಲಿ. ಅದಲು ಬದಲು ಮಾಡಿದರೆ ಎರಡೂ ದಂಡ. ಬಾಗಿಲ ಪಕ್ಕ ಎಬಿಸಿ ಪುಡಿಯ ಬೆಂಕಿ ಆರಿಸುವ ಡಬ್ಬಿ, ಒಲೆಯ ಆಚೆ ಅಲ್ಲ, ಈಚೆ.

ವಾಸನೆ ಬಂದರೆ ಏನು ಮಾಡಬೇಕು ಅನ್ನುವುದು ಮನೆಗೂ ಗಾಡಿಗೂ ಸ್ವಲ್ಪ ಬೇರೆ. ಮನೆಯಲ್ಲಿ ಸ್ವಿಚ್ ಮುಟ್ಟಬೇಡಿ ಅನ್ನುತ್ತಾರೆ. ಗಾಡಿಯಲ್ಲಿ ಕೀ ಕೂಡ ಮುಟ್ಟಬೇಡಿ. ವಾಸನೆ ಬಂತು, ಗಾಡಿ ಸ್ಟಾರ್ಟ್ ಮಾಡಿ ಬಯಲಿಗೆ ಒಯ್ಯೋಣ ಅಂತ ಮನಸ್ಸಿಗೆ ಬರುವುದು ಸಹಜ, ಆ ಸ್ಟಾರ್ಟರಿನ ಕಿಡಿಯೇ ಸಾಕು. ಚಾವಣಿಯ ಫ್ಯಾನ್ ಹಾಕುವುದೂ ತಪ್ಪು. ಎಲ್ಲರೂ ಕೆಳಗಿಳಿದು, ಬಾಗಿಲೆಲ್ಲ ತೆರೆದು, ಕೈಗೆ ಸುಲಭವಾಗಿ ಸಿಕ್ಕರೆ ರೆಗ್ಯುಲೇಟರ್ ಬಂದ್ ಮಾಡಿ, ತೆಗೆದು, ಸಿಲಿಂಡರಿಗೆ ಮುಚ್ಚಳ ಒತ್ತಿ. ಆ ಮುಚ್ಚಳ ಅದರ ಕೊರಳಿಗೆ ದಾರದಲ್ಲಿ ಕಟ್ಟಿರುವುದು ಇದಕ್ಕೇ, ಕಿತ್ತು ಬಿಸಾಕಬೇಡಿ. ಗಾಡಿಯಿಂದ ಮೇಲಿನ ಕಡೆ ದೂರ ಹೋಗಿ 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆ ಅಂತಲೇ ಇರುವ ನಂಬರ್ ಅದು. ಕಾಡಿನ ನಡುವೆ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ನಿಲ್ಲಿಸುವ ಮೊದಲೇ ನೋಡಿಟ್ಟುಕೊಳ್ಳುವುದು ವಾಸಿ.

5 ಕೆ.ಜಿ. ಎಷ್ಟು ದಿನ ಬರುತ್ತದೆ? ಒಂದು ಮಧ್ಯಮ ಬರ್ನರ್ ಪೂರ್ತಿ ಉರಿದರೆ ಗಂಟೆಗೆ 150 ಗ್ರಾಂ ಆಸುಪಾಸು ತಿನ್ನುತ್ತದೆ. ಅಂದರೆ 30 ಗಂಟೆ ಚಿಲ್ಲರೆ. ದಿನಕ್ಕೆ ಒಂದೂವರೆ ಗಂಟೆ ಒಲೆ ಹಚ್ಚುವವರಿಗೆ ಮೂರು ವಾರ. ಎಷ್ಟು ಉಳಿದಿದೆ ಅಂತ ನೋಡಲು ಒದ್ದೆ ಬಟ್ಟೆಯಲ್ಲಿ ಸಿಲಿಂಡರಿನ ಮೈ ಒರೆಸಿ ನೋಡಿ, ಒಳಗೆ ದ್ರವ ಇರುವವರೆಗಿನ ಭಾಗ ನಿಧಾನಕ್ಕೆ ಆರುತ್ತದೆ. ಡಿಸೆಂಬರಿನ ಚಳಿಯಲ್ಲಿ ಉರಿ ಸಣ್ಣಗಾದರೆ ಗಾಬರಿ ಬೇಡ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೂ ಕುದಿಯುತ್ತದೆ, ಬ್ಯೂಟೇನ್ ಸೊನ್ನೆಯ ಹತ್ತಿರವೇ ನಿಂತುಬಿಡುತ್ತದೆ. ಮೊದಲು ಪ್ರೊಪೇನ್ ಹೆಚ್ಚು ಖರ್ಚಾಗಿ, ಕೊನೆಕೊನೆಗೆ ಉಳಿಯುವುದರಲ್ಲಿ ಬ್ಯೂಟೇನೇ ಜಾಸ್ತಿ. ಸೊಂಟದವರೆಗೆ ಬಿಸಿನೀರಿನಲ್ಲಿ ಇಡುವ ಸರ್ಕಸ್ ಮಾಡಬೇಡಿ, ಸ್ವಲ್ಪ ಹೊತ್ತು ಒಲೆ ಆರಿಸಿ ಬಿಟ್ಟರೆ ತಾನೇ ಚೇತರಿಸಿಕೊಳ್ಳುತ್ತದೆ.

ತಿರುಗಾಟ ಮುಗಿದ ಮೇಲೆ ಗಾಡಿ ತಿಂಗಳುಗಟ್ಟಲೆ ಕೊಟ್ಟಿಗೆಯ ಪಕ್ಕ ನಿಂತಿರುತ್ತದೆ. ಆಗ ಸಿಲಿಂಡರ್ ಕೆಳಗಿಳಿಸಿ, ಮುಚ್ಚಳ ಹಾಕಿ, ಗಾಳಿಯಾಡುವ ಕಡೆ ನೆಟ್ಟಗೆ ಇಡುತ್ತೇವೆ. ಹೋದ ತಿಂಗಳು ಮತ್ತೆ ಹೊರಡೋಣ ಅಂತ ಗೂಡು ತೆರೆದು, ಅಕ್ಕ ಗಾಡಿಯ ಕೆಳಗೆ ತೂರಿ ಟಾರ್ಚ್ ಹಾಕಿ ನೋಡಿದಳು. ಜಾಲರಿಯ ಮೇಲೆ ಕಣಜ ಕೆಂಪು ಮಣ್ಣಿನ ಗೂಡು ಕಟ್ಟಿತ್ತು, ನೀಟಾಗಿ, ಒಂದು ಕಣ್ಣೂ ಬಿಡದ ಹಾಗೆ. ಒಲೆಯ ಬರ್ನರಿನ ಕೊಳವೆಯಲ್ಲಿ ಇನ್ನೊಂದು. ಭಾವ ಈಗ ಕೀಗೊಂಚಲಿಗೆ ಒಂದು ಹಳೆಯ ಸೈಕಲ್ ಕಡ್ಡಿ ಕಟ್ಟಿಕೊಂಡಿದ್ದಾರೆ. ಹೊರಡುವ ಮೊದಲು ಟೈರು ನೋಡುವುದಕ್ಕೂ ಮುಂಚೆ ಗಾಡಿಯ ಕೆಳಗೆ ಬಗ್ಗಿ ಬಚ್ಚಲು ಚುಚ್ಚುತ್ತಾರೆ.